ಬೆಳ್ಳಿಯ ನಾಣ್ಯವೂ ಅದು ಮಲಗಿದ ಮಣ್ಣೂ

ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಸೀಮೆಯಲ್ಲಿ ‘ನಿಧಿ’ ಎಂಬ ಮಾತಿಗಿರುವ ಸೆಳೆತ ಬಹಳ ಹಳೆಯದು. ಪಾಳುಬಿದ್ದ ಗುಡಿ, ಜನ ಬಿಟ್ಟುಹೋದ ಊರಿನ ಹಾಳುದಿಣ್ಣೆ, ಹುತ್ತ ಬೆಳೆದ ಕೋಟೆಯ ಬುರುಜು, ಕೆರೆಯ ಏರಿಯ ಮಗ್ಗುಲಿನ ವೀರಗಲ್ಲು, ಇವುಗಳಲ್ಲಿ ಯಾವುದನ್ನು ಕುರಿತು ವಿಚಾರಿಸಿದರೂ, ಅದರ ಅಡಿಯಲ್ಲಿ ಕೊಪ್ಪರಿಗೆ ಹೊನ್ನು ಇದೆಯೆಂದೂ ಸರ್ಪವೊಂದು ಅದನ್ನು ಕಾಯುತ್ತಿದೆಯೆಂದೂ ಹೇಳುವವರು ಒಬ್ಬರಾದರೂ ಸಿಕ್ಕುತ್ತಾರೆ. ಹಿಂದೆ ಇಂಥ ಎಡೆಗಳಿಗೆ ಅಂಜನ ಹಾಕಿ ನೋಡುವವರನ್ನು ಕರೆತರುವುದುಂಟಾಗಿತ್ತು. ಈಗ ಅಂಜನದ ಸ್ಥಾನವನ್ನು ಲೋಹಶೋಧಕ ಯಂತ್ರವು ಆಕ್ರಮಿಸುತ್ತಿದೆ. ಕೈಯಲ್ಲಿ ಹಿಡಿಯುವ ಒಂದು ಕೋಲು, ಅದರ ತುದಿಗೆ ಒಂದು ಬಳೆ, ಕಿವಿಗೆ ಒಂದು ಸದ್ದು. ಇಷ್ಟೇ ಅದರ ರೂಪ. ಹಣ ಕೊಟ್ಟವರಿಗೆ ಅದು ಸುಲಭವಾಗಿ ದೊರೆಯುತ್ತದೆ. ಹೀಗಿರುವಲ್ಲಿ, ಹಳೆಯ ಬೆಳ್ಳಿಯ ನಾಣ್ಯವೊಂದು ನೆಲದಿಂದ ಮೇಲೆ ಬಂದಾಗ ನಮಗೆ ನಿಜವಾಗಿ ದೊರೆಯುವುದೇನು, ನಾವು ಕಳೆದುಕೊಳ್ಳಬಹುದಾದುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ವಿಚಾರ ಮಾಡುವುದು ಅಗತ್ಯ.

ಈ ಯಂತ್ರ ಹುಟ್ಟಿದ್ದು ನಿಧಿಯ ಆಸೆಯಿಂದಲ್ಲವೆಂಬುದು ಗಮನಿಸತಕ್ಕ ಸಂಗತಿ. 1881ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ತಗುಲಿತು. ಗುಂಡು ದೇಹದೊಳಗೆ ಎಲ್ಲಿದೆಯೆಂಬುದು ವೈದ್ಯರಿಗೆ ತಿಳಿಯಲಿಲ್ಲ. ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಆ ಗುಂಡನ್ನು ಹುಡುಕುವುದಕ್ಕಾಗಿ ವಿದ್ಯುತ್ತಿನಿಂದ ನಡೆಯುವ ಒಂದು ಸಾಧನವನ್ನು ಸಿದ್ಧಪಡಿಸಿದರು. ಆದರೆ ರೋಗಿಯ ಹಾಸಿಗೆಯೊಳಗಿದ್ದ ಉಕ್ಕಿನ ಸುರುಳಿಗಳು ಆ ಪ್ರಯತ್ನಕ್ಕೆ ತೊಡಕಾದವು, ಗುಂಡು ಪತ್ತೆಯಾಗಲಿಲ್ಲ. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ, 1941ರ ಸುಮಾರಿಗೆ, ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿ ಎಂಬವರು ನೆಲದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹುಡುಕುವ ಯಂತ್ರವನ್ನು ರೂಪಿಸಿದರು. ಪ್ರಾಣವನ್ನುಳಿಸಲು ಹುಟ್ಟಿದ ಸಾಧನವೇ ಯುದ್ಧ ಮುಗಿದ ಮೇಲೆ ಹಳೆಯ ನಾಣ್ಯಗಳನ್ನು ಅರಸುವವರ ಕೈಗೆ ಬಂದಿತು.

ಯಂತ್ರದ ಕೆಲಸ ಅಷ್ಟೇನೂ ನಿಗೂಢವಲ್ಲ. ಬಳೆಯೊಳಗಿನ ತಂತಿಸುರುಳಿಯಲ್ಲಿ ದಿಕ್ಕು ಬದಲಾಯಿಸುತ್ತಿರುವ ವಿದ್ಯುತ್ತು ಹರಿದು ಸುತ್ತಲೂ ಒಂದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರ ಲೋಹವನ್ನು ಮುಟ್ಟಿದಾಗ ಲೋಹದಲ್ಲಿ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟುತ್ತದೆ. ಅದರ ಮಾರುತ್ತರವನ್ನು ಯಂತ್ರ ಗ್ರಹಿಸಿ ಸದ್ದು ಮಾಡುತ್ತದೆ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತ್ಯಂತ ಸರಾಗವಾಗಿ ಹರಿಯಗೊಡುವುದು ಬೆಳ್ಳಿ. ಆದುದರಿಂದಲೇ ಬೆಳ್ಳಿಯ ನಾಣ್ಯಕ್ಕೆ ಅದು ಸ್ಪಷ್ಟವಾಗಿ ಓಗೊಡುತ್ತದೆ. ಆದರೆ ಸಾಮಾನ್ಯ ಯಂತ್ರಗಳು ಒಂಟಿ ನಾಣ್ಯವನ್ನು ಗುರುತಿಸಬಲ್ಲುದು ಸುಮಾರು ಒಂದು ಗೇಣಿನ ಆಳದವರೆಗೆ ಮಾತ್ರ. ಅದರ ಮೇಲೆ ನಮ್ಮ ನೆಲದ ಸ್ವಭಾವವೊಂದಿದೆ. ಬಾಬಾಬುಡನ್ ಗಿರಿಶ್ರೇಣಿಯ ಮಣ್ಣು ಕಬ್ಬಿಣದ ಅದಿರಿನಿಂದ ಕೂಡಿದ್ದು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಬಹುಕಾಲ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಇಂಥ ಕೆಂಪು ನೆಲದಲ್ಲಿ ಯಂತ್ರವು ಮಣ್ಣಿಗೂ ಸದ್ದು ಮಾಡುತ್ತದೆ. ಎತ್ತಿನ ಲಾಳ, ಗಾಡಿಯ ಕಡಾಣಿ, ಮುರಿದ ಕುಡುಗೋಲು, ನೇಗಿಲ ಕುಳದ ಚೂರು, ಇವೆಲ್ಲವೂ ಅದಕ್ಕೆ ಲೋಹವೇ. ಅಮೃತಮಹಲ್ ರಾಸುಗಳು ತಲೆತಲಾಂತರದಿಂದ ಮೇಯುತ್ತ ಬಂದಿರುವ ಅಜ್ಜಂಪುರದ ಕಾವಲುಗಳಲ್ಲಿ ಯಂತ್ರ ಹಿಡಿದು ನಡೆದವನಿಗೆ ಬೆಳ್ಳಿಗಿಂತ ಲಾಳವೇ ಹೆಚ್ಚು ದೊರಕೀತು.

ಹಾಗಾದರೆ ಬೆಳ್ಳಿಯ ನಾಣ್ಯ ನಮ್ಮ ನೆಲಕ್ಕೆ ಬಂದುದೆಂತು? ಕನ್ನಡನಾಡಿನಲ್ಲಿ ಚಿನ್ನ ಹುಟ್ಟುವ ನೆಲವುಂಟು. ಕೋಲಾರ, ಹಟ್ಟಿಗಳು ಎಲ್ಲರಿಗೂ ಗೊತ್ತಿದ್ದವೇ. ಬೆಳ್ಳಿ ಮಾತ್ರ ಬಹುಮಟ್ಟಿಗೆ ಹೊರಗಿನಿಂದ ಬಂದುದು. ಆದುದರಿಂದ ಇಲ್ಲಿ ಸಿಕ್ಕುವ ಪ್ರತಿಯೊಂದು ಬೆಳ್ಳಿಯ ನಾಣ್ಯವೂ ಒಬ್ಬ ದೂರದ ಪ್ರಯಾಣಿಕನೆಂದು ತಿಳಿಯಬೇಕು. ಕ್ರಿಸ್ತಪೂರ್ವದ ಶತಮಾನಗಳಲ್ಲಿ ಸೂರ್ಯ, ಗಿರಿ, ಮರ ಮೊದಲಾದ ಗುರುತುಗಳನ್ನು ಒತ್ತಿದ ಮುದ್ರಾಂಕಿತ ನಾಣ್ಯಗಳು ಭಾರತದಾದ್ಯಂತ ಚಲಾವಣೆಯಲ್ಲಿದ್ದವು. ಅವುಗಳ ತೂಕ ಸುಮಾರು ಮೂರೂಕಾಲು ಗ್ರಾಂ. ಅವುಗಳ ಮೇಲೆ ಅರಸನ ಹೆಸರಿಲ್ಲ, ವರ್ಷವಿಲ್ಲ. ಅನಂತರ ಕ್ರಿ. ಶ. ಒಂದನೆಯ ಶತಮಾನದ ಹೊತ್ತಿಗೆ ರೋಮ್ ಸಾಮ್ರಾಜ್ಯದ ದಿನಾರಿಗಳು ಬಂದವು. ಮೆಣಸು, ಮಸ್ಲಿನ್, ಮಣಿಗಳಿಗಾಗಿ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸುಗಳಷ್ಟು ಹಣ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ರೋಮಿನ ಲೇಖಕ ಪ್ಲಿನಿ ಆ ಕಾಲದಲ್ಲೇ ಗೊಣಗಿದ್ದನು.

ಆಮೇಲಿನ ಹಲವು ಶತಮಾನಗಳಲ್ಲಿ ಬೆಳ್ಳಿ ವಿರಳ. ಕಡೂರಿನ 971ರ ಸ್ತಂಭಶಾಸನ ಗಂಗರ ಬೂತುಗನ ಅಕ್ಕ ಪಾಂಬಬ್ಬೆಯ ತಪಸ್ಸನ್ನು ಹೇಳುತ್ತದೆ. ಅಮೃತಾಪುರದ ಅಮೃತೇಶ್ವರ ದೇವಾಲಯ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಆಯಿತು. ಅಲ್ಲಿಯ ಶಾಸನದ ಪದ್ಯಗಳು ಕವಿ ಜನ್ನನವು. ಹೊಯ್ಸಳರ ಆ ದಿನಗಳ ದಾನಶಾಸನಗಳನ್ನು ಓದಿದರೆ ಲೆಕ್ಕವೆಲ್ಲ ಗದ್ಯಾಣ, ಹಣ, ಹಾಗ, ಬೇಳೆ, ವೀಸಗಳಲ್ಲಿ ನಡೆಯುವುದು ಕಾಣುತ್ತದೆ. ಹಣವೆಂದರೆ ಆಗ ಚಿನ್ನದ ಚಿಕ್ಕ ತುಣುಕು. ವಿಜಯನಗರದಲ್ಲಿ ಬೆಳ್ಳಿಗೆ ಒಂದು ಕಿರಿಯ ಸ್ಥಾನ ದೊರಕಿತು. 1443ರಲ್ಲಿ ಅಲ್ಲಿಗೆ ಬಂದ ಅಬ್ದುರ್ ರಜಾಕನು ಹಣದ ಆರನೆಯ ಒಂದು ಪಾಲಿಗೆ ಸಮನಾದ ‘ತಾರ’ ಎಂಬ ಬೆಳ್ಳಿಯ ನಾಣ್ಯವನ್ನು ಹೆಸರಿಸಿದ್ದಾನೆ. ಬೆಳ್ಳಿಯ ರೂಪಾಯಿ ನಮ್ಮ ಹಳ್ಳಿಗಳನ್ನು ಹೆಚ್ಚಾಗಿ ಹೊಕ್ಕುದು ಟೀಪುವಿನ ಆಳಿಕೆಯಿಂದೀಚೆಗೆ. ಅವನ ರೂಪಾಯಿಗೆ ‘ಇಮಾಮಿ’ ಎಂದೂ ಎರಡು ರೂಪಾಯಿಗೆ ‘ಹೈದರಿ’ ಎಂದೂ ಹೆಸರು. 1787ರಿಂದ ಅವನು ನಡೆಸಿದ ಹೊಸ ಶಕೆಯ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದವರು ವರ್ಷವನ್ನು ತಲೆಕೆಳಗು ಮಾಡಿಯಾರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಟಂಕಸಾಲೆ 1843ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಬ್ರಿಟಿಷರ ರೂಪಾಯಿಯೇ ನಡೆಯಿತು. 11.66 ಗ್ರಾಂ ತೂಕದ, ನೂರಕ್ಕೆ ತೊಂಬತ್ತೊಂದು ಪಾಲಿಗೂ ಮಿಗಿಲಾದ ಬೆಳ್ಳಿಯುಳ್ಳ ಆ ನಾಣ್ಯ 1940ರಲ್ಲಿ ಅರ್ಧ ಬೆಳ್ಳಿಗೆ ಇಳಿದು, 1947ರ ಹೊತ್ತಿಗೆ ಬೆಳ್ಳಿಯೇ ಇಲ್ಲದ ನಿಕ್ಕಲಿನ ಬಿಲ್ಲೆಯಾಯಿತು. ನಮ್ಮ ಹಿತ್ತಿಲುಗಳಲ್ಲಿ ಅಕಸ್ಮಾತ್ತಾಗಿ ಸಿಕ್ಕುವ ಬೆಳ್ಳಿ ಬಹುಶಃ ಈ ಕೊನೆಯ ಕಾಲದ್ದೇ ಆಗಿರುತ್ತದೆ.

ಇನ್ನು, ಜನರು ಹಣವನ್ನು ಹೂಳಿದರೇಕೆ ಎಂಬುದನ್ನು ನೋಡೋಣ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಒಲೆಯ ಅಡಿ, ಹೊಸ್ತಿಲ ಪಕ್ಕ, ಕಣಜದ ಮೂಲೆ, ಇವೇ ಒಕ್ಕಲಿಗನ ಖಜಾನೆಗಳು. ಸುಗ್ಗಿಯಲ್ಲಿ ಹೂಳುವುದು, ಬರದಲ್ಲಿ ತೆಗೆಯುವುದು ವಾಡಿಕೆ. ಹೂಳಿದವನು ತಾನೇ ತೆಗೆದುಕೊಂಡ ಹಣ ನಮಗೆ ಸಿಕ್ಕುವುದಿಲ್ಲ. ಇಂದು ನೇಗಿಲಿಗೆ ತಾಗುವ ಗಡಿಗೆಯೆಂದರೆ, ಹೂಳಿದವನು ಹಿಂದಿರುಗಿ ಬಾರದೆ ಉಳಿದ ಗಡಿಗೆ. 1830–31ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರೂ ಸೇರಿದ್ದರು. ಅಂಥ ದಿನಗಳಲ್ಲಿ ಊರುಬಿಟ್ಟ ಮನೆತನಗಳೆಲ್ಲ ಮರಳಿ ಬಂದಿರಲಾರವು. 1876–78ರ ಮಹಾಕ್ಷಾಮದ ನೆನಪು ಇನ್ನೂ ಘೋರವಾದುದು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಆದುದರಿಂದ ನಿಧಿಯನ್ನು ಅದೃಷ್ಟವೆಂದು ಕರೆಯುವ ಮುನ್ನ, ಅದು ಒಂದು ಮನೆಯ ಕೊನೆಯ ಗುರುತಾಗಿರಬಹುದೆಂಬುದನ್ನು ಯೋಚಿಸುವುದು ಮನುಷ್ಯಧರ್ಮ.

ನಾಣ್ಯಕ್ಕಿಂತ ಅದು ಬಿದ್ದಿದ್ದ ಮಣ್ಣು ಹೆಚ್ಚು ಮಾತನಾಡುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ನಿದರ್ಶನಗಳಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುದಾರಿಯ ಕೆಲಸಕ್ಕಾಗಿ ನೆಲ ಅಗೆಯುತ್ತಿದ್ದಾಗ ಮಡಕೆಯೊಂದರಲ್ಲಿ ರೋಮಿನ 163 ಬೆಳ್ಳಿಯ ನಾಣ್ಯಗಳು ದೊರೆತವು. ಆಗಸ್ಟಸ್, ತಿಬೇರಿಯಸ್ ಮೊದಲಾದ ಚಕ್ರವರ್ತಿಗಳ ಮುಖಗಳು ಅವುಗಳ ಮೇಲಿದ್ದವು. ರೋಮಿನ ಬೆಳ್ಳಿ ಬೆಂಗಳೂರಿನವರೆಗೆ ಬಂದಿತ್ತೆಂಬ ದೊಡ್ಡ ಸಂಗತಿ ಅದರಿಂದ ಗೊತ್ತಾಯಿತು. ಆದರೆ ಆ ಮಡಕೆಯನ್ನು ಹೂಳಿದವನು ವರ್ತಕನೇ, ಅಧಿಕಾರಿಯೇ, ಅವನ ಮನೆ ಎಲ್ಲಿ, ಸುತ್ತ ಊರಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗಿದ್ದ ಮಣ್ಣು ಗುದ್ದಲಿಯ ಹೊಡೆತಕ್ಕೆ ಕಲಸಿಹೋಗಿತ್ತು. ಕೂಲಿಗಳ ತಪ್ಪೇನೂ ಇಲ್ಲ. ಅವರ ಕೆಲಸ ದಾರಿ ಮಾಡುವುದಾಗಿತ್ತು.

ಎರಡನೆಯದು ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿ. ಅಜ್ಜಂಪುರ, ಕಡೂರುಗಳ ಎಲ್ಲೆ ದಾಟಿದರೆ ಹೊಸದುರ್ಗ, ಅದರಾಚೆಗೆ ಚಿತ್ರದುರ್ಗ. ನಮ್ಮ ಸೀಮೆಗೆ ಅದು ನೆರೆಮನೆ. ಅಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ, ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿಯೂ ಕ್ರಮಬದ್ಧವಾಗಿ ಅಗೆದರು. ಶಾತವಾಹನರ ಕಾಲದ ಸೀಸದ ನಾಣ್ಯಗಳೊಂದಿಗೆ ಆಗಸ್ಟಸ್, ತಿಬೇರಿಯಸರ ಬೆಳ್ಳಿಯ ದಿನಾರಿಗಳು ಅಲ್ಲಿ ದೊರೆತವು. ಸಂಖ್ಯೆಯಲ್ಲಿ ಅವು ಯಶವಂತಪುರದ ರಾಶಿಗೆ ಎಣೆಯಲ್ಲ. ಆದರೆ ವ್ಹೀಲರರು ಮಣ್ಣನ್ನು ಪದರಪದರವಾಗಿ ಬಿಡಿಸಿ, ಯಾವ ಪದರದಲ್ಲಿ ಯಾವ ಮಡಕೆಯ ಚೂರು, ಯಾವ ನಾಣ್ಯ ಎಂಬುದನ್ನು ಗುರುತುಹಾಕಿಕೊಂಡರು. ತಿಬೇರಿಯಸನ ನಾಣ್ಯವಿರುವ ಪದರದ ಮಡಕೆಗಳನ್ನು ಹೋಲುವ ಮಡಕೆಗಳು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಇದ್ದವು. ಬ್ರಹ್ಮಗಿರಿಯೆಂದರೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದ ಸ್ಥಳ. ಅಲ್ಲಿ ಆ ಮಡಕೆಗಳ ಪದರದ ಕೆಳಗೆ ಕಬ್ಬಿಣ ಬಳಸಿ ಕಲ್ಗೋರಿಗಳನ್ನು ಕಟ್ಟಿದ ಜನರ ಪದರ. ಅದಕ್ಕೂ ಕೆಳಗೆ ಕಲ್ಲುಕೊಡಲಿಯ ಜನರ ಪದರ.

ಹೀಗೆ ಒಂದು ಬೆಳ್ಳಿಯ ತುಣುಕು ಗಟ್ಟಿಯಾದ ಒಂದು ಮೆಟ್ಟಿಲಾಯಿತು. ಅದರ ಮೇಲೆ ನಿಂತು, ಬರಹವಿಲ್ಲದ ಕಾಲದ ಕನ್ನಡನಾಡಿನ ಚರಿತ್ರೆಯ ಉಳಿದ ಮೆಟ್ಟಿಲುಗಳನ್ನು ಎಣಿಸುವುದು ಸಾಧ್ಯವಾಯಿತು. ಮುಂದೆ ಇಂಗಾಲದ ಪರೀಕ್ಷೆಯಿಂದ ಕೆಳಗಿನ ಮೆಟ್ಟಿಲುಗಳು ವ್ಹೀಲರರು ಎಣಿಸಿದುದಕ್ಕಿಂತ ಎಷ್ಟೋ ಹಿಂದಿನವೆಂದು ತಿಳಿದುಬಂದಿದೆ. ಆದರೆ ಆ ತಿದ್ದುಪಡಿ ಸಾಧ್ಯವಾದುದಕ್ಕೂ ಕಾರಣ, ಪದರಗಳ ವಿವರವನ್ನು ಅವರು ಬರೆದಿಟ್ಟುದೇ. ಅದೇ ದಿನಾರಿಯನ್ನು ಯಾರೋ ಒಬ್ಬರು ಯಂತ್ರದಿಂದ ಹುಡುಕಿ, ಗೇಣುದ್ದದ ಗುಂಡಿ ತೋಡಿ, ಜೇಬಿಗಿಳಿಸಿದ್ದರೆ? ನಾಣ್ಯ ಹಾಗೆಯೇ ಇರುತ್ತಿತ್ತು. ತಿಬೇರಿಯಸನ ಮುಖವೂ ಇರುತ್ತಿತ್ತು. ನಮ್ಮ ಪೂರ್ವಿಕರ ಕಾಲಗಣನೆ ಮಾತ್ರ ಇರುತ್ತಿರಲಿಲ್ಲ.

ಯಂತ್ರವೇ ಕೆಟ್ಟುದೆಂದು ಇದರಿಂದ ತಿಳಿಯಬಾರದು. ಅದನ್ನು ಹಿಡಿದವನ ವಿವೇಕವೇ ಮುಖ್ಯ. ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರ್ 16ರಂದು ಒಬ್ಬ ಸಾಮಾನ್ಯ ಗೃಹಸ್ಥನು ರೈತ ಸ್ನೇಹಿತನೊಬ್ಬನು ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಲೋಹಶೋಧಕದಿಂದ ಹುಡುಕುತ್ತಿದ್ದನು. ಸುತ್ತಿಗೆಯ ಬದಲು ರೋಮನರ ಕಾಲದ ಚಿನ್ನ ಬೆಳ್ಳಿಗಳು ಕಂಡವು. ಆತನು ಒಂದಷ್ಟನ್ನು ತೆಗೆದು, ಇದು ತನ್ನೊಬ್ಬನ ಕೈಯ ಕೆಲಸವಲ್ಲವೆಂದು ಅರಿತು ಅಲ್ಲಿಗೇ ನಿಲ್ಲಿಸಿ, ಅಧಿಕಾರಿಗಳಿಗೆ ತಿಳಿಸಿದನು. ಮರುದಿನವೇ ಪುರಾತತ್ತ್ವಜ್ಞರು ಬಂದು ಉಳಿದುದನ್ನು ಇದ್ದಂತೆಯೇ ಎತ್ತಿದರು. ಒಟ್ಟು 14,865 ನಾಣ್ಯಗಳು. ಅವುಗಳಲ್ಲಿ 14,000ಕ್ಕೂ ಹೆಚ್ಚು ಬೆಳ್ಳಿಯವು. ಮರದ ಪೆಟ್ಟಿಗೆ ಎಂದೋ ಕರಗಿಹೋಗಿದ್ದರೂ ಅದರ ಒಳಗೆ ಯಾವ ವಸ್ತು ಎಲ್ಲಿತ್ತು, ಹೇಗೆ ಜೋಡಿಸಿದ್ದರು ಎಂಬುದೆಲ್ಲ ತಿಳಿದುಬಂದಿತು. ಆತನಿಗೆ ಸರ್ಕಾರದಿಂದ 17 ಲಕ್ಷ 50 ಸಾವಿರ ಪೌಂಡು ಬಹುಮಾನವೂ ದೊರೆಯಿತು. ಅದನ್ನು ಆ ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಅದನ್ನೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇರಿಸಿದ್ದಾರೆ. ತಕ್ಕ ಸಮಯಕ್ಕೆ ಕೈ ತಡೆದುದರ ಫಲವಿದು.

ನಮ್ಮಲ್ಲಿ ನಡೆಯುತ್ತಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ನೋಯುತ್ತದೆ. ನಿಧಿಯ ಆಸೆಗೆ ಊರ ಹೊರಗಿನ ಗುಡಿಗಳ ಗರ್ಭಗೃಹವನ್ನು ಅಗೆಯುವುದು, ಪೀಠದಿಂದ ಲಿಂಗವನ್ನು ಕಿತ್ತು ಬಿಸುಡುವುದು, ನಂದಿಯ ಹೊಟ್ಟೆಯೊಳಗೆ ರತ್ನವಿದೆಯೆಂದು ಅದನ್ನು ಒಡೆಯುವುದು, ಶಾಸನದ ಕಲ್ಲನ್ನು ಉರುಳಿಸುವುದು, ಇವು ನಾಡಿನ ಅನೇಕ ಕಡೆ ನಡೆದಿವೆ. ಕಲ್ಲಿನೊಳಗೆ ಕಲ್ಲೇ ಇರುತ್ತದೆ. ಒಡೆದವನಿಗೆ ಏನೂ ದಕ್ಕುವುದಿಲ್ಲ. ಊರಿಗೆ ಮಾತ್ರ ಎಂಟುನೂರು ವರ್ಷಗಳ ಆಸ್ತಿ ಹೋಗುತ್ತದೆ. ಶಾಸನಗಳಲ್ಲಿ ನಮ್ಮ ಸೀಮೆಯ ಅರಸರ, ದಂಡನಾಯಕರ ಹೆಸರುಗಳಿವೆ. ಹೆಸರು ಬರೆಸದ ಒಕ್ಕಲಿಗ, ಕುಂಬಾರ, ಕಮ್ಮಾರ, ಗೋವಳರ ಚರಿತ್ರೆ ಇರುವುದು ಮಣ್ಣಿನ ಪದರಗಳಲ್ಲಿಯೇ. ಅದನ್ನು ಕಲಸಿಬಿಟ್ಟರೆ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನೂ ಎಲ್ಲರೂ ತಿಳಿದಿರಬೇಕು. 1878ರ ಭಾರತೀಯ ನಿಧಿ ಅಧಿನಿಯಮದಂತೆ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಕಂಡವನು ಅದನ್ನು ಕಲೆಕ್ಟರರಿಗೆ ತಿಳಿಸತಕ್ಕದ್ದು. ಮುಚ್ಚಿಟ್ಟವನು ತನ್ನ ಪಾಲನ್ನು ಕಳೆದುಕೊಳ್ಳುವುದಲ್ಲದೆ ಶಿಕ್ಷೆಗೂ ಗುರಿಯಾಗುತ್ತಾನೆ. ಪ್ರಾಮಾಣಿಕನಿಗೆ ಅದರಲ್ಲಿ ಅನ್ಯಾಯವಿಲ್ಲ. ನಿಧಿ ಒಡೆಯನಿಲ್ಲದುದೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಕಂಡವನಿಗೆ ಮುಕ್ಕಾಲು ಪಾಲು, ಭೂಮಿಯ ಒಡೆಯನಿಗೆ ಕಾಲು ಪಾಲು ಎಂದು ಅದು ವಿಧಿಸಿತು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬೇಕೆಂದೂ ಹೇಳಿತು. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಅಧಿನಿಯಮವನ್ನು ಮಾಡಿಕೊಂಡಿತು. ಕಂಡವನು ತಿಳಿಸಬೇಕೆಂಬುದೇ ಅದರ ತಿರುಳು ಕೂಡ. ಇವಲ್ಲದೆ, 1958ರ ಕೇಂದ್ರ ಅಧಿನಿಯಮದಂತೆ ಅಮೃತಾಪುರದ ದೇವಾಲಯದಂಥ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. 1972ರ ಅಧಿನಿಯಮದಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೆನಿಸುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಕೂಡದು.

ನೇಗಿಲಿಗೋ ಪಾಯದ ಗುದ್ದಲಿಗೋ ನಾಣ್ಯ ತಾಗಿದರೆ ಮಾಡತಕ್ಕುದು ಸುಲಭ. ಅಗೆತವನ್ನು ಅಲ್ಲಿಗೇ ನಿಲ್ಲಿಸುವುದು; ಮಡಕೆಯ ಚೂರೂ ನಾಣ್ಯದಷ್ಟೇ ಬೆಲೆಯುಳ್ಳದ್ದೆಂದು ತಿಳಿದು ಯಾವುದನ್ನೂ ಎಸೆಯದಿರುವುದು; ಸ್ಥಳದ ಗುರುತನ್ನೂ ಆಳವನ್ನೂ ಬರೆದಿಟ್ಟು ಒಂದು ಛಾಯಾಚಿತ್ರ ತೆಗೆದುಕೊಳ್ಳುವುದು; ತಹಸೀಲ್ದಾರರಿಗಾಗಲಿ ಜಿಲ್ಲಾಧಿಕಾರಿಗಳಿಗಾಗಲಿ ತಿಳಿಸುವುದು. ಮುಖ್ಯವಾಗಿ, ಮನೆಯ ಹೆಣ್ಣುಮಕ್ಕಳು ಹಿತ್ತಾಳೆಯ ಪಾತ್ರೆಗೆ ಮಾಡುವಂತೆ ನಾಣ್ಯವನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಬಾರದು. ಅಕ್ಷರ ಸವೆದ ನಾಣ್ಯ ಮೂಕನಾದ ಸಾಕ್ಷಿಯಂತೆ. ಹೀಗೆ ಒಪ್ಪಿಸಿದ ವಸ್ತುಗಳು ಮೈಸೂರಿನಲ್ಲಿ ಕೇಂದ್ರವಿರುವ ರಾಜ್ಯ ಪುರಾತತ್ತ್ವ ಇಲಾಖೆಯ ವಶಕ್ಕೆ ಬಂದರೆ ವಿದ್ವಾಂಸರ ಕಣ್ಣಿಗೂ ಬೀಳುತ್ತವೆ, ನಮ್ಮ ಮಕ್ಕಳ ಕಣ್ಣಿಗೂ ಬೀಳುತ್ತವೆ.

ಶರಣರ ಚರಿತ್ರೆಯನ್ನು ಹೇಳುವ ಪುರಾಣಗಳಲ್ಲಿ ಒಂದು ಕಥೆಯಿದೆ. ಬಿಜ್ಜಳನ ಆಸ್ಥಾನದಲ್ಲಿ ಯಾರಿಂದಲೂ ಓದಲಾಗದ ಲಿಪಿಯೊಂದನ್ನು ಬಸವಣ್ಣನವರು ಓದಿದರು. ಅದರಲ್ಲಿ ಸೂಚಿತವಾಗಿದ್ದ ನಿಧಿಯನ್ನು ರಾಜನಿಗೆ ತೋರಿಸಿಕೊಟ್ಟರು. ಕಥೆಯ ಐತಿಹಾಸಿಕತೆಯ ವಿಚಾರ ಇಲ್ಲಿ ಬೇಡ. ಅದರಲ್ಲಿ ನಮ್ಮ ಹಿರಿಯರು ಇಟ್ಟಿರುವ ಕ್ರಮ ಮಾತ್ರ ಮನನೀಯ: ಮೊದಲು ಓದುವುದು, ಆಮೇಲೆ ಅಗೆಯುವುದು, ದೊರೆತುದು ಭಂಡಾರಕ್ಕೆ ಸೇರುವುದು, ಕಂಡವನ ಕೈಗಲ್ಲ. ಲೋಹಶೋಧಕವು ಲೋಹವಿರುವ ಎಡೆಯನ್ನು ತೋರಿಸಬಲ್ಲುದೇ ಹೊರತು ಓದಲಾರದು. ಓದುವ ಶಕ್ತಿ ಇರುವುದು ವಿದ್ಯಾವಂತರಲ್ಲಿ. ಶ್ರೀಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಇಂದು ಅಧ್ಯಾಪಕರಾಗಿ, ಎಂಜಿನಿಯರುಗಳಾಗಿ, ಕಂದಾಯದ ಅಧಿಕಾರಿಗಳಾಗಿ, ಪ್ರಗತಿಪರ ಕೃಷಿಕರಾಗಿ ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮಾಡಬಹುದಾದುದು ಬಹಳವಿದೆ. ತಮ್ಮ ಊರಿನ ಹಾಳುದಿಣ್ಣೆ ಯಾವುದು, ಶಾಸನ ಎಲ್ಲಿದೆ, ಯಾವ ಹೊಲದಲ್ಲಿ ಹಳೆಯ ಮಡಕೆಯ ಚೂರು ಏಳುತ್ತದೆ ಎಂಬುದನ್ನು ಅವರು ಗುರುತಿಸಿ ಕಾಯಲಿ. ರಾತ್ರಿಯ ಹೊತ್ತು ಯಂತ್ರ ಹಿಡಿದು ಬರುವವರಿಗೆ ಊರೇ ಎಚ್ಚರವಾಗಿರುವುದಕ್ಕಿಂತ ದೊಡ್ಡ ಕಾವಲಿಲ್ಲ. ನಿಧಿಯನ್ನು ಕಾಯುವ ಸರ್ಪವೆಂದು ಹಿರಿಯರು ಹೇಳುತ್ತಿದ್ದುದು ಇಂಥ ಎಚ್ಚರಕ್ಕೇ ಸಲ್ಲಲಿ.